ಸಿಸೇರಿಯನ್ ನಂತರ ಆಸ್ಪತ್ರೆಯ ಮೊದಲ ದಿನಗಳು: ಓದುಗರ ಪತ್ರಗಳಿಗೆ ಉತ್ತರ

ದಿನ ಗೊತ್ತುಮಾಡಿಕೊಂಡು ಮಾಡಿಸುವ ಸಿಸೇರಿಯನ್ ಹೆರಿಗೆಯ ಬಗ್ಗೆ ಮೈಸೂರು, ಮಂಡ್ಯ ಸೀಮೆಯ ಓದುಗರಿಂದ ಬಂದಿರುವ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಆಪರೇಷನ್ ಹೇಗೆ ಮಾಡುತ್ತಾರೆ ಎಂದು ಕೇಳಿದವರು ಕಡಿಮೆ. ಅದಾದ ಮೇಲೆ ವಾರ್ಡಿನಲ್ಲಿ ಕಳೆಯುವ ನಾಲ್ಕೈದು ದಿನಗಳ ಬಗೆಗೇ ಎಲ್ಲರಿಗೂ ಆತಂಕ. ಆ ದಿನಗಳಲ್ಲಿ ಬಾಣಂತಿಯ ಮಗ್ಗುಲಲ್ಲಿ ಇರುವ ತಾಯಿ, ಅತ್ತೆ, ಗಂಡ ಏನನ್ನು ನಂಬಿದ್ದಾರೆ ಎಂಬುದರ ಮೇಲೆ ಅವಳ ಚೇತರಿಕೆ ಬಹಳಷ್ಟು ನಿಂತಿರುವುದರಿಂದ, ಮನೆಯವರೂ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಇದು ನನ್ನ ಮೊದಲ ಬಸಿರು. ಮಗುವಿನ ತಲೆ ಮೇಲಕ್ಕಿದೆ ಎಂದು ಸ್ಕ್ಯಾನಿಂಗಿನಲ್ಲಿ ತಿಳಿದದ್ದರಿಂದ, 39 ವಾರ ತುಂಬಿದ ಮೇಲೆ ಸಿಸೇರಿಯನ್ ಮಾಡುವುದಾಗಿ ದಿನ ಕೊಟ್ಟಿದ್ದಾರೆ. ಆ ದಿನ ಏನೇನು ನಡೆಯುತ್ತದೆ? ಇಡೀ ದಿನ ದಿಂಬಿಲ್ಲದೆ ಅಲ್ಲಾಡದೆ ಮಲಗಿರಬೇಕು, ತೊಟ್ಟು ನೀರನ್ನೂ ಕೊಡುವುದಿಲ್ಲ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ನಿಜವೇ? (ಕುವೆಂಪುನಗರ, ಮೈಸೂರು)

ಉತ್ತರ: ನಿಮ್ಮ ಅತ್ತೆಯವರು ಹೇಳುತ್ತಿರುವುದು ಅವರ ಕಾಲದಲ್ಲಿ ನಿಜವಾಗಿತ್ತು. ಈಗ ಪದ್ಧತಿ ಬದಲಾಗಿದೆ.

39 ವಾರ ತುಂಬುವವರೆಗೆ ಕಾಯುವುದಕ್ಕೆ ಕಾರಣವಿದೆ. ಅದಕ್ಕೂ ಮೊದಲೇ, ಹೆರಿಗೆ ನೋವು ಬಾರದೆಯೇ ಹೊರತೆಗೆದ ಮಕ್ಕಳಲ್ಲಿ ಶ್ವಾಸಕೋಶದ ನೀರು ಬೇಗ ಇಂಗದೆ ಕೆಲವು ಕಾಲ ಏದುಸಿರು ಬರುವ ಸಂಭವ ಹೆಚ್ಚು. ಆದ್ದರಿಂದ ಒಳ್ಳೆಯ ನಕ್ಷತ್ರವಿದೆ ಎಂದು ಒಂದು ವಾರ ಮುಂಚಿನ ದಿನವನ್ನು ಕೇಳಬೇಡಿ.

ಆಪರೇಷನ್ನಿಗೆ ಆರು ಗಂಟೆ ಮೊದಲು ಊಟ ತಿಂಡಿ ನಿಲ್ಲಿಸಬೇಕು. ಬರಿಯ ನೀರನ್ನು ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು ಎಂಬುದು ಈಗಿನ ನಿಯಮವಾದರೂ ನಿಮ್ಮ ಅರಿವಳಿಕೆ ವೈದ್ಯರು ಹೇಳಿದ ಸಮಯವನ್ನೇ ಪಾಲಿಸಿ. ಸಾಮಾನ್ಯವಾಗಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುತ್ತಾರೆ. ನೀವು ಎಚ್ಚರವಾಗಿಯೇ ಇರುತ್ತೀರಿ, ಮಗುವಿನ ಅಳು ನಿಮಗೆ ಕೇಳಿಸುತ್ತದೆ. ಮಗು ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ. ಉಳಿದ ಸಮಯವೆಲ್ಲ ಹೊಲಿಗೆಗೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮೈಯೆಲ್ಲ ಗಡಗಡ ನಡುಗಬಹುದು. ಜ್ವರ ಬಂತೆಂದು ಹೆದರಬೇಡಿ; ಅರಿವಳಿಕೆಯಿಂದ ಹಾಗೆ ಆಗುವುದುಂಟು, ಬೆಚ್ಚಗೆ ಹೊದಿಸಿದರೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ.

ವಾರ್ಡಿಗೆ ತಂದ ಮೇಲೆ ಮೊದಲ ಒಂದೆರಡು ಗಂಟೆ ನರ್ಸ್ ಪದೇ ಪದೇ ಬಂದು ಬಿ.ಪಿ., ನಾಡಿ, ಪ್ಯಾಡಿಗೆ ಬಂದ ರಕ್ತ, ಮೂತ್ರದ ಚೀಲ ಎಲ್ಲವನ್ನೂ ನೋಡುತ್ತಾರೆ. ಜೊತೆಗೆ ಹೊಕ್ಕುಳಿನ ಸುತ್ತ ಕೈಯಿಂದ ಒತ್ತಿ ನೋಡುತ್ತಾರೆ. ಇದು ನೋಯುತ್ತದೆ, ಬಹಳ ಮಂದಿ ಇದಕ್ಕೇ ಬೇಸರಪಟ್ಟುಕೊಳ್ಳುತ್ತಾರೆ. ಆದರೆ ಗರ್ಭಕೋಶ ಬಿಗಿಯಾಗಿ ಕುಗ್ಗಿ ಗಟ್ಟಿ ಉಂಡೆಯಂತೆ ಕೈಗೆ ಸಿಕ್ಕಿದರೆ ಮಾತ್ರ ಒಳಗಿನ ರಕ್ತಸ್ರಾವ ಹತೋಟಿಯಲ್ಲಿದೆ ಎಂದರ್ಥ. ಅದು ಸಡಿಲವಾಗಿ ಮೆತ್ತಗಿದ್ದರೆ ಅಲ್ಲಿಂದಲೇ ಚಿಕಿತ್ಸೆ ಶುರುಮಾಡಬೇಕು. ಆ ಒಂದು ನಿಮಿಷದ ನೋವನ್ನು ದಯವಿಟ್ಟು ಸಹಿಸಿಕೊಳ್ಳಿ. ಪ್ಯಾಡ್ ಬೇಗ ಬೇಗ ತೊಯ್ದುಹೋಗುತ್ತಿದೆ ಎನಿಸಿದರೆ ನರ್ಸ್ ಬರುವವರೆಗೆ ಕಾಯದೆ ಮನೆಯವರನ್ನು ಕಳುಹಿಸಿ ಕರೆಸಿ.

ಕಾಲಿಗೆ ಸ್ಪರ್ಶ, ಬಲ ಮರಳಲು ಎರಡರಿಂದ ನಾಲ್ಕು ಗಂಟೆ ಬೇಕು. ದಿಂಬಿಲ್ಲದೆ ಮಲಗಿದರೆ ತಲೆನೋವು ಬರುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಮರಗಟ್ಟಿರುವಾಗಲೂ ಮಗ್ಗುಲು ಬದಲಿಸಬಹುದು, ತಲೆಯ ಕಡೆ ಮಂಚವನ್ನು ಸ್ವಲ್ಪ ಎತ್ತಿಸಿಕೊಳ್ಳಬಹುದು. ವಾಂತಿ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಗುಟುಕು ಗುಟುಕಾಗಿ ನೀರು, ಆಮೇಲೆ ಗಂಜಿ, ಅದು ಒಗ್ಗಿದರೆ ಇಡ್ಲಿಯಂಥ ಮೆತ್ತನೆಯ ತಿಂಡಿ ಕೊಡುತ್ತಾರೆ. ಹೂಸು ಬಿಡುವವರೆಗೆ ಏನನ್ನೂ ಕೊಡಬಾರದು ಎಂಬ ಹಳೆಯ ನಿಯಮವನ್ನು ಸುಗಮವಾಗಿ ನಡೆದ ಸಿಸೇರಿಯನ್ನಿನಲ್ಲಿ ಈಗ ಹೆಚ್ಚಿನವರು ಪಾಲಿಸುವುದಿಲ್ಲ, ಏಕೆಂದರೆ ಬೇಗ ಆಹಾರ ಕೊಟ್ಟಷ್ಟೂ ಕರುಳು ಬೇಗ ಕೆಲಸಕ್ಕೆ ತೊಡಗುತ್ತದೆ.

ನೋವಿನ ಬಗ್ಗೆ ಒಂದು ಮಾತು. ಅರಿವಳಿಕೆ ಇಳಿಯುತ್ತಿದ್ದಂತೆ ನೋವು ಶುರುವಾಗುತ್ತದೆ. ತಡೆಯಲಾಗದಷ್ಟು ಆದಮೇಲೆ ಮಾತ್ರೆ ಕೇಳುವ ಬದಲು, ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಬರೆದುಕೊಡುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮದ್ದುಗಳು ಎದೆಹಾಲಿನಲ್ಲಿ ಸೇರುವ ಪ್ರಮಾಣ ಅತ್ಯಲ್ಪ, ಮಗುವಿಗೆ ತೊಂದರೆಯಿಲ್ಲ. ಹಾಲಿಗೆ ಕೆಡುಕು ಎಂದು ಹಲ್ಲು ಕಚ್ಚಿ ನೋವು ನುಂಗುವ ತಾಯಂದಿರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ನೋವಿರುವವಳು ಏಳುವುದಿಲ್ಲ, ಸರಿಯಾಗಿ ಉಸಿರೆಳೆಯುವುದಿಲ್ಲ, ಮಗುವನ್ನು ಎತ್ತಿಕೊಳ್ಳುವುದೂ ಇಲ್ಲ. ಅಸಿಡಿಟಿ, ಅಸ್ತಮಾ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಮೊದಲೇ ವೈದ್ಯರಿಗೆ ತಿಳಿಸಬೇಕು.

ಪ್ರಶ್ನೆ: ನನ್ನ ಮಗಳಿಗೆ ಆಪರೇಷನ್ ಆಗಿ ಇನ್ನೂ ಒಂದು ದಿನ ತುಂಬಿರಲಿಲ್ಲ, ನರ್ಸಮ್ಮ ಬಂದು ಎದ್ದು ನಡಿ ಎಂದರು. ಅವಳು ಅಳುತ್ತಾ ನಡೆದಳು. ಹೊಟ್ಟೆ ಕೊಯ್ದವಳನ್ನು ಹೀಗೆ ನಡೆಸಿದರೆ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲವೇ? ನಮ್ಮ ಕಾಲದಲ್ಲಿ ಬಾಣಂತಿಯನ್ನು ಕೋಣೆಯಿಂದ ಹೊರಗೇ ಬಿಡುತ್ತಿರಲಿಲ್ಲ. (ಮದ್ದೂರು ತಾಲ್ಲೂಕು)

ಉತ್ತರ: ತಾಯಿ, ಮಗಳು ಅಳುತ್ತಾ ನಡೆಯುವುದನ್ನು ನೋಡಿದ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನಡೆಸಿದ್ದು ಸರಿಯೇ. ಇಷ್ಟೆಲ್ಲ ಪತ್ರಗಳಲ್ಲಿ ನಾನು ಒಂದೇ ಮಾತು ಹೇಳಬೇಕಾಗಿ ಬಂದರೆ ಇದನ್ನೇ ಹೇಳುತ್ತೇನೆ: ಸಿಸೇರಿಯನ್ ಆದವಳನ್ನು ಮಲಗಿಸಿಯೇ ಇಡುವುದು ಆರೈಕೆಯಲ್ಲ.

ಬಸಿರಿನಲ್ಲಿ ಹೆಣ್ಣಿನ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಬರುತ್ತದೆ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ದೇಹವೇ ಮಾಡಿಕೊಂಡಿರುವ ಏರ್ಪಾಡು ಅದು. ಹೆರಿಗೆಯಾದ ಮೇಲೂ ಕೆಲವು ವಾರ ಆ ಗುಣ ಉಳಿದಿರುತ್ತದೆ. ಅಂಥ ಸಮಯದಲ್ಲಿ ಕಾಲು ಆಡಿಸದೆ ಮಲಗಿದ್ದರೆ ಮೀನಖಂಡದ ಒಳಗಿನ ರಕ್ತನಾಳದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಸಹಜ ಹೆರಿಗೆಗಿಂತ ಸಿಸೇರಿಯನ್ನಿನಲ್ಲಿ ಈ ಅಪಾಯ ಹೆಚ್ಚು. ಮೈತೂಕ ಹೆಚ್ಚಿರುವವರಿಗೆ, ಹಿಂದೆ ಹೀಗೆ ಹೆಪ್ಪುಗಟ್ಟಿದವರಿಗೆ ಚರ್ಮದಡಿ ಹೆಪಾರಿನ್ ಚುಚ್ಚುಮದ್ದನ್ನೂ ಕೊಡುತ್ತಾರೆ. ಉಳಿದವರಿಗೆ ನಡಿಗೆಯೇ ಮದ್ದು. ನಡೆದರೆ ಹೊಟ್ಟೆಯ ಗಾಳಿ ಇಳಿಯುತ್ತದೆ, ಕಫ ಕಟ್ಟುವುದಿಲ್ಲ, ಮೂತ್ರ ಸಲೀಸಾಗುತ್ತದೆ.

ಹೊಲಿಗೆಯ ವಿಷಯಕ್ಕೆ ಬರೋಣ. ಹೊರಗೆ ಕಾಣುವ ಒಂದು ಗೆರೆಯ ಕೆಳಗೆ ಗರ್ಭಕೋಶಕ್ಕೆ ಬೇರೆ, ಹೊಟ್ಟೆಯ ಗಟ್ಟಿ ಪೊರೆಗೆ ಬೇರೆ, ಚರ್ಮಕ್ಕೆ ಬೇರೆ ಹೊಲಿಗೆ ಇರುತ್ತದೆ. ಕೆಳಹೊಟ್ಟೆಯಲ್ಲಿ ಅಡ್ಡಲಾಗಿ ಹಾಕುವ ಈಗಿನ ಗೆರೆಗೆ ನಡಿಗೆಯಿಂದ ಬೀಳುವ ಎಳೆತವೂ ಕಡಿಮೆ. ಮೆಲ್ಲಗೆ ನಡೆದರೆ ಅದು ಬಿಚ್ಚಿಕೊಳ್ಳುವುದಿಲ್ಲ.

ಆದರೆ ಏಳುವ ಕ್ರಮವನ್ನು ಕಲಿಸದೆ "ಎದ್ದೇಳು" ಎಂದಷ್ಟೇ ಹೇಳಿದರೆ ಯಾರಾದರೂ ಅತ್ತೇ ಅಳುತ್ತಾರೆ. ಅಂಗಾತ ಮಲಗಿದ್ದವರು ನೆಟ್ಟಗೆ ಎದ್ದು ಕೂರಲು ಹೋದರೆ ಎಲ್ಲ ಭಾರವೂ ಹೊಟ್ಟೆಯ ಸ್ನಾಯುಗಳ ಮೇಲೆ ಬೀಳುತ್ತದೆ. ಮೊದಲು ಮಲಗಿದಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಬೇಕು. ಆಮೇಲೆ ಎರಡೂ ಮೊಣಕಾಲು ಮಡಚಿ, ಭುಜ ಸೊಂಟ ಒಟ್ಟಿಗೆ ತಿರುಗುವಂತೆ ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದ ಅಂಚಿನಿಂದ ಇಳಿಬಿಟ್ಟು, ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯನ್ನು ಹಾಸಿಗೆಗೆ ಊರಿ ಏಳಬೇಕು. ಎದ್ದ ಕೂಡಲೇ ನಿಲ್ಲಬಾರದು. ತಲೆ ಸುತ್ತು ಬರುತ್ತದೆಯೇ ನೋಡಿಕೊಂಡು ಎರಡು ಮೂರು ನಿಮಿಷ ಕುಳಿತು, ಆಮೇಲೆ ಒಬ್ಬರ ತೋಳು ಹಿಡಿದು ನಿಲ್ಲಬೇಕು. ಮೊದಲ ಸಲ ಮಂಚದಿಂದ ಕಿಟಕಿಯವರೆಗೆ ಹೋಗಿಬಂದರೆ ಸಾಕು. ನಿಂತಾಗ ಒಮ್ಮೆಲೆ ಸ್ವಲ್ಪ ರಕ್ತ ಹೋಗುವುದುಂಟು, ಮಲಗಿದ್ದಾಗ ಒಳಗೆ ನಿಂತದ್ದು ಇಳಿಯುತ್ತದೆ. ಆಮೇಲೂ ಹಾಗೆಯೇ ಹರಿಯುತ್ತಿದ್ದರೆ ಮಾತ್ರ ನರ್ಸ್ ಅವರಿಗೆ ತೋರಿಸಿ. ಕೆಮ್ಮುವಾಗ, ಸೀನುವಾಗ, ನಗುವಾಗ ಮಡಿಸಿದ ಟವೆಲನ್ನೋ ಸಣ್ಣ ದಿಂಬನ್ನೋ ಹೊಲಿಗೆಯ ಮೇಲೆ ಒತ್ತಿ ಹಿಡಿಯುವುದನ್ನು ಕಲಿಸಿ. ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಮುಕ್ಕಾಲು ಗಂಟೆಯಾದ ಮೇಲೆ ನಡೆಸಿದರೆ ಇನ್ನೂ ಸುಲಭ.

ಮೂತ್ರದ ಪೈಪನ್ನು ಬಹಳ ಕಡೆ ಮರುದಿನದ ಹೊತ್ತಿಗೆ ತೆಗೆಯುತ್ತಾರೆ. ತೆಗೆದು ಆರು ಗಂಟೆಯಾದರೂ ಮೂತ್ರ ಬಾರದಿದ್ದರೆ, ಅಥವಾ ತೊಟ್ಟು ತೊಟ್ಟಾಗಿ ಮಾತ್ರ ಬರುತ್ತಿದ್ದರೆ ಹೇಳಲೇಬೇಕು. ಮೂತ್ರಕೋಶ ತುಂಬಿ ಹಿಗ್ಗಿದರೆ ಗರ್ಭಕೋಶ ಕುಗ್ಗುವುದಕ್ಕೂ ಅಡ್ಡಿಯಾಗುತ್ತದೆ.

ಪ್ರಶ್ನೆ: ನನ್ನ ಹೆಂಡತಿಗೆ ಸಿಸೇರಿಯನ್ ಆಗಿ ಎರಡು ದಿನವಾಗಿದೆ. ಹಾಲು ಬಂದಿಲ್ಲ. ಮಗು ರಾತ್ರಿಯೆಲ್ಲ ಅಳುತ್ತದೆ. ಮನೆಯ ಹಿರಿಯರು ಒಳಲೆಯಲ್ಲಿ ಸಕ್ಕರೆ ನೀರು ಹಾಕೋಣ ಎನ್ನುತ್ತಾರೆ, ಪರಿಚಯದವರು ಡಬ್ಬಿ ಹಾಲಿನ ಪುಡಿ ತರಿಸಿ ಎನ್ನುತ್ತಾರೆ. ನಾನು ಯಾರ ಮಾತು ಕೇಳಲಿ? (ನಂಜನಗೂಡು)

ಉತ್ತರ: ಹಾಲು ಬಂದಿಲ್ಲ ಎಂದು ನೀವು ಬರೆದಿದ್ದೀರಿ, ಆದರೆ ಗಟ್ಟಿಯಾದ ಹಳದಿ ಹಾಲು ತೊಟ್ಟಿಕ್ಕುತ್ತಿರಬೇಕಲ್ಲವೇ? ಮೊದಲ ದಿನಗಳ ಹಾಲು ಅದೇ. ಹುಟ್ಟಿದ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಟೀ ಚಮಚದಷ್ಟು ಮಾತ್ರ, ಅದಕ್ಕೆ ತಕ್ಕಷ್ಟೇ ಅದು ಬರುತ್ತದೆ. ಎದೆ ತುಂಬಿ ಭಾರವಾಗುವಂತೆ ಹಾಲಿಳಿಯುವುದು ಮೂರರಿಂದ ಐದನೆಯ ದಿನದ ಹೊತ್ತಿಗೆ. ಸಿಸೇರಿಯನ್ನಿನಲ್ಲಿ ಇನ್ನೊಂದು ದಿನ ತಡವಾಗಬಹುದು. ಅದು ಬೇಗ ಇಳಿಯಬೇಕಾದರೆ ಇರುವ ದಾರಿ ಮಗು ಚೀಪುವುದು ಒಂದೇ, ಅದೂ ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ. ಸಕ್ಕರೆ ನೀರು ಹಾಕಿದರೆ ಮಗುವಿಗೆ ಹೊಟ್ಟೆ ತುಂಬಿದಂತಾಗಿ ಚೀಪುವುದು ನಿಲ್ಲುತ್ತದೆ, ಚೀಪದಿದ್ದರೆ ಹಾಲು ಇನ್ನೂ ತಡವಾಗುತ್ತದೆ. ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ ಯಾವುದೂ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ತೋರಿಸಲೂಬಾರದು.

ಹೊಲಿಗೆಯ ಮೇಲೆ ಮಗುವಿನ ಭಾರ ಬೀಳುತ್ತದೆ ಎಂದು ನಿಮ್ಮ ಹೆಂಡತಿ ಹಾಲೂಡಿಸಲು ಹಿಂಜರಿಯುತ್ತಿರಬಹುದು. ಮಗ್ಗುಲಾಗಿ ಮಲಗಿ ಮಗುವನ್ನು ಎದುರಿಗೆ ಮಲಗಿಸಿಕೊಂಡು ಕುಡಿಸಲಿ. ಇಲ್ಲವೇ ಕುಳಿತು, ಮಗುವಿನ ಮೈ ಕಂಕುಳಡಿಯಲ್ಲಿ ಹಿಂದಕ್ಕೆ ಚಾಚಿರುವಂತೆ, ತಲೆ ಮಾತ್ರ ಅಂಗೈಯಲ್ಲಿ ಮುಂದಕ್ಕೆ ಬರುವಂತೆ ದಿಂಬಿನ ಮೇಲೆ ಹಿಡಿಯಲಿ. ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಮಗುವನ್ನು ಎತ್ತಿ ಕೊಡುವುದು, ದಿಂಬು ಇಡುವುದು, ಆಮೇಲೆ ತೇಗು ಬರಿಸಿ ಬಟ್ಟೆ ಬದಲಿಸುವುದು ನಿಮ್ಮ ಕೆಲಸವಾಗಲಿ. ಹಾಲೂಡಿಸುವಾಗ ಹೊಟ್ಟೆ ಹಿಂಡಿದಂತೆ ನೋವಾದರೆ ಗರ್ಭಕೋಶ ಕುಗ್ಗುತ್ತಿದೆ ಎಂದು ತಿಳಿಯಿರಿ. ಎರಡನೆಯ ಹೆರಿಗೆಯಾದವರಿಗೆ ಇದು ಹೆಚ್ಚು.

ಹಾಲು ಸಾಲುತ್ತಿದೆಯೇ ಎಂಬುದಕ್ಕೆ ಅಳುವಿಗಿಂತ ಒದ್ದೆ ಬಟ್ಟೆ ಒಳ್ಳೆಯ ಗುರುತು. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ, ಹೀಗೆ ಹೆಚ್ಚುತ್ತಾ ಐದನೆಯ ದಿನದ ಹೊತ್ತಿಗೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡಬೇಕು. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ. ಹುಟ್ಟುತೂಕದ ನೂರಕ್ಕೆ ಹತ್ತು ಭಾಗದಷ್ಟು ಇಳಿದರೆ, ಮಗು ಎಬ್ಬಿಸಿದರೂ ಚೀಪದೆ ಮಂಕಾಗಿದ್ದರೆ, ಮೈ ಹಳದಿಯಾಗುತ್ತಿದ್ದರೆ ಮಕ್ಕಳ ವೈದ್ಯರು ನೋಡಲೇಬೇಕು. ತಾಯಿಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಿಗೆ, ತೂಕ ಕಡಿಮೆ ಇರುವ ಮಕ್ಕಳಿಗೆ ಕೆಲವೊಮ್ಮೆ ಮೇಲು ಹಾಲು ಬೇಕಾಗುತ್ತದೆ. ಅದನ್ನು ಮಕ್ಕಳ ವೈದ್ಯರು ತೀರ್ಮಾನಿಸಲಿ, ಪರಿಚಯದವರು ಬೇಡ. ಎದೆಗೆ ಹಚ್ಚಲಾಗದ ಮಗುವಿಗೆ ತಾಯಿಯ ಹಾಲನ್ನೇ ಕೈಯಿಂದ ಹಿಂಡಿ, ಕುದಿಸಿ ಶುಚಿಮಾಡಿದ ಒಳಲೆಯಲ್ಲಿ ಕುಡಿಸಬಹುದು. ನಿಮ್ಮ ಮನೆಯ ಒಳಲೆ ಆ ಕೆಲಸಕ್ಕೆ ಬರಲಿ.

ಪ್ರಶ್ನೆ: ಮೊದಲ ಸಿಸೇರಿಯನ್ನಿನಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದಲೇ ನನಗೆ ಇವತ್ತಿಗೂ ಸೊಂಟ ನೋವು. ಈ ಸಲ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿ ಎಂದು ಕೇಳಬಹುದೇ? (ಪಾಂಡವಪುರ)

ಉತ್ತರ: ಕೇಳಬಹುದು, ಆದರೆ ನಾನು ಆ ಸಲಹೆ ಕೊಡುವುದಿಲ್ಲ. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ಸೊಂಟ ನೋವಿಗೆ ಅದು ಕಾರಣವೆಂದು ಸಾಬೀತಾಗಿಲ್ಲ. ಬಸಿರಿನಲ್ಲಿ ಸಡಿಲವಾದ ಕೀಲುಗಳು, ಸೋತ ಹೊಟ್ಟೆಯ ಸ್ನಾಯುಗಳು, ಬಗ್ಗಿ ಕುಳಿತು ಹಾಲೂಡಿಸುವುದು, ಮಗುವನ್ನು ಸೊಂಟದಲ್ಲಿ ಹೊರುವುದು ಇದಕ್ಕೆ ಮುಖ್ಯ ಕಾರಣ. ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆಯಲ್ಲಿ ಬಸುರಿಯ ಉಸಿರಾಟಕ್ಕೆ ಅಪಾಯ ಹೆಚ್ಚು, ಎಚ್ಚರವಾಗಿ ಮಗುವಿಗೆ ಹಾಲೂಡಿಸುವುದೂ ತಡವಾಗುತ್ತದೆ. ಇಂಜೆಕ್ಷನ್ನಿನ ನಂತರ ನಿಜವಾಗಿ ಗಮನಿಸಬೇಕಾದದ್ದು ಒಂದು ಬಗೆಯ ತಲೆನೋವು: ಎದ್ದು ಕುಳಿತ ಕೂಡಲೇ ಸಿಡಿಯುವಂತಾಗಿ ಮಲಗಿದರೆ ಇಳಿಯುತ್ತದೆ. ಹಾಗಾದರೆ ಅರಿವಳಿಕೆ ವೈದ್ಯರನ್ನು ಕರೆಸಿ, ಅದಕ್ಕೆ ಚಿಕಿತ್ಸೆ ಇದೆ.

ಪ್ರಶ್ನೆ: ಸೊಸೆಗೆ ಎಷ್ಟನೆಯ ದಿನ ತಲೆಗೆ ನೀರು ಹಾಕಬಹುದು? ಹೊಟ್ಟೆಗೆ ಬಟ್ಟೆ ಕಟ್ಟಬಹುದೇ? ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ, ಸೊಪ್ಪು ತರಕಾರಿ ತಿಂದರೆ ನಂಜಾಗುತ್ತದೆ ಎಂದು ನಾವು ಕೊಡುತ್ತಿಲ್ಲ. (ಕೃಷ್ಣರಾಜನಗರ)

ಉತ್ತರ: ದಯವಿಟ್ಟು ನೀರು ಕೊಡಿ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು, ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ಹೊಲಿಗೆ ಇರುವವಳು ತಿಣುಕಬೇಕಾಗುತ್ತದೆ, ಮೂತ್ರದ ಉರಿಯೂ ಶುರುವಾಗುತ್ತದೆ. ಹೆರಿಗೆಯಾದ ಹೊಟ್ಟೆ ದೊಡ್ಡದಾಗಿ ಕಾಣುವುದು ಗರ್ಭಕೋಶ ಇನ್ನೂ ಪೂರ್ತಿ ಕುಗ್ಗಿಲ್ಲದ್ದರಿಂದ, ಅದಕ್ಕೆ ಆರು ವಾರ ಬೇಕು. ನಿಮ್ಮ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಲ್ಲವೂ ಒಳ್ಳೆಯದೇ, ಅದರ ಜೊತೆಗೆ ಬೇಳೆ, ಕಾಳು, ಮೊಟ್ಟೆ, ಹಾಲು, ತರಕಾರಿ, ಹಣ್ಣು, ನಮ್ಮ ರಾಗಿ ಮುದ್ದೆ ಇರಲಿ. ಗಾಯ ಕೂಡಬೇಕಾದರೆ ಮಾಂಸ ಬೆಳೆಸುವ ಆಹಾರ ಬೇಕು. ಗಾಯ ಕೀವಾಗುವುದು ರೋಗಾಣುವಿನಿಂದ, ಬದನೆಕಾಯಿಯಿಂದಲ್ಲ. ಕಬ್ಬಿಣಾಂಶದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರವೂ 180 ದಿನ ಕೊಡುವುದು ಸರ್ಕಾರದ ಕ್ರಮ, ಅದನ್ನು ಬಿಡಿಸಬೇಡಿ.

ಬ್ಯಾಂಡೇಜ್ ತೆಗೆದು ವೈದ್ಯರು ಒಪ್ಪಿದ ಮೇಲೆ, ಸಾಮಾನ್ಯವಾಗಿ ಎರಡು ದಿನ ಕಳೆದು, ಉಗುರು ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಬಹುದು. ಹಂಡೆಯ ಸುಡುನೀರನ್ನು ಹೊಟ್ಟೆಯ ಮೇಲೆ ರಭಸವಾಗಿ ಎರಚುವುದು ಬೇಡ. ಹೊಲಿಗೆಯ ಸುತ್ತ ಸ್ಪರ್ಶ ಕೆಲವು ತಿಂಗಳು ಮಂದವಾಗಿರುವುದರಿಂದ ಸುಟ್ಟರೂ ಅವಳಿಗೆ ಗೊತ್ತಾಗುವುದಿಲ್ಲ. ಗಾಯಕ್ಕೆ ಎಣ್ಣೆ, ಅರಿಸಿನ ಹಚ್ಚದೆ ಒಣ ಬಟ್ಟೆಯಿಂದ ಒತ್ತಿ ಒರೆಸಿ. ಹೊಟ್ಟೆಗೆ ಬಟ್ಟೆ ಅಥವಾ ಬೆಲ್ಟ್ ಕಟ್ಟಿದರೆ ಓಡಾಡುವಾಗ ಹಾಯೆನಿಸುತ್ತದೆ, ಕಟ್ಟಬಹುದು. ಉಸಿರು ಬಿಗಿಯುವಂತೆ, ಗಾಯ ಬೆವರುವಂತೆ ಕಟ್ಟಬೇಡಿ. ಸಾಂಬ್ರಾಣಿ ಹೊಗೆ ಮಗುವಿನ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟು ದಿನ ಇರಬೇಕಾಗುತ್ತದೆ? ಖರ್ಚು ಬರುತ್ತದೆಯೇ? ಮೂರನೆಯ ದಿನವೇ ಕೇಳಿಕೊಂಡು ಊರಿಗೆ ಹೋದರೆ ಆಗುವುದಿಲ್ಲವೇ? (ಮಳವಳ್ಳಿ)

ಉತ್ತರ: ಮೈಸೂರಿನ ಚೆಲುವಾಂಬ ಆಸ್ಪತ್ರೆಯಾಗಲಿ, ಮಂಡ್ಯದ ಮಿಮ್ಸ್ ಆಗಲಿ, ನಿಮ್ಮ ತಾಲ್ಲೂಕು ಆಸ್ಪತ್ರೆಯಾಗಲಿ, 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸಿಸೇರಿಯನ್, ಔಷಧಿ, ಪರೀಕ್ಷೆ, ಬೇಕಾದರೆ ರಕ್ತ, ಏಳು ದಿನಗಳವರೆಗೆ ತಾಯಿಯ ಊಟ, ಮನೆಗೆ ತಲುಪಿಸುವ ವಾಹನ ಎಲ್ಲವೂ ಉಚಿತವಾಗಿ ಸಿಗಬೇಕು. ತಾಯಿ ಕಾರ್ಡನ್ನು ಮರೆಯದೆ ಕೊಂಡೊಯ್ಯಿರಿ.

ಅವಸರಪಟ್ಟು ಹೋಗಬೇಡಿ. ಮೊದಲ ದಿನಗಳಲ್ಲಿ ಗಾಯದ ಸ್ಥಿತಿ, ತಾಯಿಯ ಬಿ.ಪಿ., ಮಗುವಿನ ಕಾಮಾಲೆ ಇವುಗಳ ಮೇಲೆ ಕಣ್ಣಿಡಬೇಕು, ಬಿ.ಪಿ. ಹೆರಿಗೆಯಾಗಿ ಮೂರರಿಂದ ಆರನೆಯ ದಿನದ ನಡುವೆ ಏರುವುದುಂಟು. ಹೊರಡುವ ಮುನ್ನ ಮಗುವಿಗೆ ಬಿ.ಸಿ.ಜಿ., ಪೋಲಿಯೊ ಹನಿ, ಹುಟ್ಟಿದ 24 ಗಂಟೆಯೊಳಗೆ ಕೊಡಬೇಕಾದ ಹೆಪಟೈಟಿಸ್ ಬಿ ಲಸಿಕೆ ಆಗಿವೆಯೇ ಎಂದು ಕಾರ್ಡಿನಲ್ಲಿ ನೋಡಿ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ ಮುಂದಿನ ಬಸಿರಿನ ಮಗುವಿಗೆ ತೊಂದರೆಯಾಗದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು 72 ಗಂಟೆಯೊಳಗೆ ಬೀಳಬೇಕು. ಹೊಲಿಗೆ ತಾನೇ ಕರಗುವುದೋ ಬಿಚ್ಚಿಸಬೇಕಾದದ್ದೋ ಎಂದೂ ಕೇಳಿಕೊಳ್ಳಿ.

ಮನೆಗೆ ಹೋದ ಮೇಲೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, ಸ್ರಾವಕ್ಕೆ ಕೆಟ್ಟ ವಾಸನೆ ಬಂದರೆ, ಗಾಯ ಕೆಂಪಾಗಿ ಊದಿ ಕೀವು ಬಂದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ, ಏದುಸಿರು ಅಥವಾ ಎದೆನೋವು ಬಂದರೆ, ತಲೆ ಸಿಡಿಯುತ್ತಾ ಕಣ್ಣು ಮಂಜಾದರೆ, ಮೂರ್ಛೆ ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆಮಾಡಿ.

ಪ್ರಶ್ನೆ: ಮಗು ಚೆನ್ನಾಗಿದೆ, ನಾನೂ ಚೆನ್ನಾಗಿದ್ದೇನೆ. ಆದರೂ ನಾಲ್ಕನೆಯ ದಿನದಿಂದ ಸುಮ್ಮಸುಮ್ಮನೆ ಅಳು ಬರುತ್ತಿದೆ. ನೋವು ತಿನ್ನದೆ ಹೆತ್ತವಳಿಗೆ ಇದೇನು ಅಳು ಎಂದು ನೋಡಲು ಬಂದವರು ಅನ್ನುತ್ತಾರೆ. (ಮಂಡ್ಯ)

ಉತ್ತರ: ಹೊಟ್ಟೆಯ ಏಳು ಪದರಗಳನ್ನು ದಾಟಿ ಮಗುವನ್ನು ಹೊರತಂದ ಹೆರಿಗೆಯನ್ನು ನೋವು ತಿನ್ನದ ಹೆರಿಗೆ ಎಂದು ಯಾರೂ ಅನ್ನಕೂಡದು. ನಿಮ್ಮದು ಹೆರಿಗೆಯೇ, ಕಡಿಮೆ ಹೆರಿಗೆಯಲ್ಲ.

ಹೆರಿಗೆಯಾದ ಕೂಡಲೇ ದೇಹದ ಹಾರ್ಮೋನುಗಳು ಒಮ್ಮೆಲೆ ಕುಸಿಯುತ್ತವೆ, ನಿದ್ದೆ ಇರುವುದಿಲ್ಲ, ನೋವು ಬೇರೆ. ಮೂರರಿಂದ ಐದನೆಯ ದಿನದ ಹೊತ್ತಿಗೆ ಹೀಗೆ ಅಳು ಬರುವುದು ಬಹಳ ತಾಯಂದಿರಲ್ಲಿ ಇದ್ದದ್ದೇ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಅದಕ್ಕೂ ಮುಂದುವರಿದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ, ಬದುಕು ಸಾಕೆನಿಸಿದರೆ ಅದಕ್ಕೆ ಚಿಕಿತ್ಸೆ ಬೇಕು, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ನಿದ್ದೆಯೇ ಇಲ್ಲದೆ ಏನೇನೋ ಮಾತಾಡುವುದು, ಇಲ್ಲದ್ದು ಕಾಣುವುದು, ಕೇಳಿಸುವುದು ಶುರುವಾದರೆ ಅದು ತುರ್ತು; ಗಾಳಿ ಸೋಕಿತೆಂದು ತಾಯಿತ ಕಟ್ಟಿಸುತ್ತಾ ಕೂರದೆ ಮನೆಯವರು ಅದೇ ದಿನ ಆಸ್ಪತ್ರೆಗೆ ಕರೆತರಬೇಕು, ತಾಯಿಯನ್ನೂ ಮಗುವನ್ನೂ ಇಬ್ಬರನ್ನೇ ಬಿಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಸದ್ಯಕ್ಕೆ ನೋಡಲು ಬರುವವರನ್ನು ಒಂದು ವಾರ ತಡೆಯಲು ನಿಮ್ಮ ಮನೆಯವರಿಗೆ ಹೇಳಿ. ರಾತ್ರಿ ಒಂದು ಹಾಲೂಡಿಕೆಯಿಂದ ಮುಂದಿನದರವರೆಗೆ ಮಗುವನ್ನು ನಿಮ್ಮ ತಾಯಿಯೋ ಯಜಮಾನರೋ ನೋಡಿಕೊಳ್ಳಲಿ, ಆ ಹೊತ್ತು ನೀವು ನಿದ್ದೆ ಮಾಡಿ.